ಕೈಯ ಇಸುಬು: ಮುಲಾಮಿಗೆ ಮೊದಲು ಕೇಳಬೇಕಾದ ಪ್ರಶ್ನೆ

ನಮ್ಮ ವಾಚನಾಲಯದ ಮೇಜಿನ ಸುತ್ತ ಕುಳಿತು ಪತ್ರಿಕೆ ಓದುವವರಲ್ಲಿ ಬಗೆಬಗೆಯ ಕೈಗಳುಂಟು. ಲೇಖಣಿ ಹಿಡಿದ ಕೈ, ಕರಣೆ ಹಿಡಿದ ಕೈ, ಮುಸುರೆ ತಿಕ್ಕಿದ ಕೈ, ಯಂತ್ರದ ಎಣ್ಣೆ ಮೆತ್ತಿದ ಕೈ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಲ್ಲಿ ಹಲವರಿಗೆ ಈ ಎರಡು ಕೈಗಳೇ ಬಂಡವಾಳ. ಆ ಬಂಡವಾಳಕ್ಕೆ ಬರುವ ಒಂದು ಸಾಮಾನ್ಯ ಕೇಡಿನ ವಿಚಾರವನ್ನು ಈ ಪಾಠದಲ್ಲಿ ತಿಳಿಯೋಣ.

ಹಿಂದಿನ ಮಳೆಗಾಲದಲ್ಲಿ ನಮ್ಮ ಸಂಜೆಯ ತರಗತಿಗೆ ಬರುತ್ತಿದ್ದ ತರುಣನೊಬ್ಬ ಪುಸ್ತಕ ತೆರೆಯಲು ಹಿಂಜರಿಯುತ್ತಿದ್ದ. ಕೈಗಳನ್ನು ಸದಾ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಉಳಿದವರು ಎದ್ದು ಹೋದ ಮೇಲೆ ಹತ್ತಿರ ಬಂದು, “ಮಾಷ್ಟ್ರೇ, ಇದು ಒಬ್ಬರಿಂದ ಒಬ್ಬರಿಗೆ ಹಬ್ಬುವುದಾ?” ಎಂದು ಕೇಳಿ ಕೈ ಚಾಚಿದ. ಬೆರಳುಗಳ ಸಂದಿನಲ್ಲಿ ಕೆಂಪು, ಗೆಣ್ಣುಗಳ ಮೇಲೆ ಬಿರುಕು, ಅಲ್ಲಲ್ಲಿ ನೀರು ಒಸರುವ ಸಣ್ಣ ಗುಳ್ಳೆಗಳು. ಅವನು ಒಂದು ಹೋಟೆಲಿನ ಮೋರಿಯಲ್ಲಿ ಪಾತ್ರೆ ತೊಳೆಯುವವನು. ಜೊತೆಯವರು ಅವನಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ಒಬ್ಬರು ಕುಷ್ಠವೆಂದರು, ಇನ್ನೊಬ್ಬರು ರಕ್ತ ಕೆಟ್ಟಿದೆ ಎಂದರು, ಮಾಲೀಕರು “ಊರಿಗೆ ಹೋಗಿ ಗುಣ ಮಾಡಿಕೊಂಡು ಬಾ” ಎಂದಿದ್ದರು. ಊರಿಗೆ ಹೋದರೆ ತಿಂಗಳ ಸಂಬಳವಿಲ್ಲ. ಅದಾಗಲೇ ಔಷಧದ ಅಂಗಡಿಯಿಂದ ನಾಲ್ಕು ಬಗೆಯ ಟ್ಯೂಬು ತಂದು ಹಚ್ಚಿ ಮುಗಿಸಿದ್ದ.

ಮರುದಿನ ಅವನನ್ನು ಒಂದು ಸಾರ್ವಜನಿಕ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದೆನು. ಅಲ್ಲಿಯ ವೈದ್ಯರು ಟ್ಯೂಬುಗಳ ಹೆಸರನ್ನು ಮೊದಲು ಕೇಳಲಿಲ್ಲ. “ಎಲ್ಲಿ ಮೊದಲು ಕಾಣಿಸಿತು? ಯಾವಾಗ ಹೆಚ್ಚು, ಯಾವಾಗ ಕಡಿಮೆ? ಬೆಳಗಿನಿಂದ ರಾತ್ರಿಯವರೆಗೆ ಈ ಕೈ ಏನೇನನ್ನು ಮುಟ್ಟುತ್ತದೆ?” ಎಂಬ ಮೂರು ಪ್ರಶ್ನೆಗಳನ್ನು ಕೇಳಿದರು. ಈ ಮೂರು ಪ್ರಶ್ನೆಗಳೇ ಈ ಪಾಠದ ತಿರುಳು. ಮುಲಾಮು ಉರಿಯನ್ನು ಆರಿಸಬಲ್ಲದು. ಬೆಂಕಿ ಇಡುತ್ತಿರುವ ಪದಾರ್ಥ ಯಾವುದೆಂದು ತಿಳಿಯದೆ ಹೋದರೆ ಉರಿ ಮತ್ತೆ ಏಳುವುದು.

ಇಸುಬು ಎಂದರೇನು?

ಚರ್ಮದಲ್ಲಿ ಉಂಟಾಗುವ ಒಂದು ಬಗೆಯ ಉರಿಯೂತಕ್ಕೆ ವೈದ್ಯರು ಡರ್ಮಟೈಟಿಸ್ ಅಥವಾ ಎಕ್ಸಿಮಾ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಇದು ಇಸುಬು. ಆರಂಭದಲ್ಲಿ ಚರ್ಮ ಕೆಂಪಾಗಿ ತುರಿಸುತ್ತದೆ. ಬಳಿಕ ಗುಳ್ಳೆ ಎದ್ದು ನೀರು ಒಸರಬಹುದು. ಹಳೆಯದಾದಾಗ ಚರ್ಮ ದಪ್ಪಗಾಗಿ, ಒಣಗಿ, ಬಿರಿಯುತ್ತದೆ. ಇದರಲ್ಲಿ ಹಲವು ಬಗೆಗಳಿವೆ. ತಲೆಯ ಹೊಟ್ಟಿನೊಡನೆ ಬರುವುದೊಂದು, ಕಾಲಿನ ರಕ್ತನಾಳಗಳು ಉಬ್ಬಿದವರ ಕಣಕಾಲಿನಲ್ಲಿ ಬರುವುದೊಂದು, ಎಳೆತನದಲ್ಲೇ ಆರಂಭವಾಗಿ ಗೂರಲು, ನೆಗಡಿಗಳ ಪ್ರವೃತ್ತಿಯೊಡನೆ ಮನೆತನದಲ್ಲಿ ಸಾಗಿ ಬರುವುದೊಂದು. ದುಡಿಯುವ ಕೈಗಳಲ್ಲಿ ಹೆಚ್ಚಾಗಿ ಕಾಣುವುದು ಹೊರಗಿನ ಪದಾರ್ಥದ ಸಂಪರ್ಕದಿಂದ ಬರುವ ಇಸುಬು. ಎಳೆತನದಲ್ಲಿ ಇಸುಬು ಇದ್ದವರ ಕೈಗೆ ಇದು ಇನ್ನಷ್ಟು ಬೇಗ ತಗಲುತ್ತದೆ.

ಇಸುಬು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಚಾಪೆಯ ಮೇಲೆ ಮಲಗಿದರೂ ಒಬ್ಬರಿಂದ ಇನ್ನೊಬ್ಬರಿಗೆ ಬರುವುದಿಲ್ಲ. ಒಂದೇ ಹೋಟೆಲಿನ ಇಬ್ಬರಿಗೆ ಬಂದರೆ ಇಬ್ಬರೂ ಒಂದೇ ಸೋಡಾ ನೀರಿನಲ್ಲಿ ಕೈ ಅದ್ದಿದ್ದಾರೆ ಎಂದು ಊಹಿಸತಕ್ಕದ್ದೇ ಹೊರತು, ಒಬ್ಬನು ಇನ್ನೊಬ್ಬನಿಗೆ ಅಂಟಿಸಿದನೆಂದಲ್ಲ.

ಚರ್ಮವೆಂಬ ಗೋಡೆ

ನಮ್ಮ ಚರ್ಮದ ತೀರ ಹೊರಗಿನ ಪದರವು ಕಾಗದಕ್ಕಿಂತ ತೆಳುವಾದದ್ದು. ಆದರೂ ಅದು ಗಟ್ಟಿಯಾದ ಗೋಡೆ. ಸತ್ತ ಜೀವಕೋಶಗಳು ಅದರ ಇಟ್ಟಿಗೆಗಳು. ಅವುಗಳ ನಡುವಣ ಜಿಡ್ಡು ಅದರ ಗಾರೆ. ಒಳಗಿನ ತೇವ ಹೊರಗೆ ಹೋಗದಂತೆಯೂ, ಹೊರಗಿನ ವಿಷ ಒಳಗೆ ಬಾರದಂತೆಯೂ ಈ ಗೋಡೆ ತಡೆಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲ ಗುಣದ್ದು. ಬಟ್ಟೆಯ ಸಾಬೂನು, ಸೋಡಾಪುಡಿಗಳು ಕ್ಷಾರ ಗುಣದವು. ಅವು ಪಾತ್ರೆಯ ಜಿಡ್ಡನ್ನು ತೆಗೆಯುವಂತೆಯೇ ಚರ್ಮದ ಜಿಡ್ಡನ್ನೂ ತೆಗೆದುಬಿಡುತ್ತವೆ. ಗಾರೆ ಹೋದ ಗೋಡೆ ಎಷ್ಟು ದಿನ ನಿಂತೀತು?

ನೀರು ತಾನೇ ನಿರುಪದ್ರವಿ ಎಂದು ನಾವು ತಿಳಿಯುತ್ತೇವೆ. ಗಂಟೆಗಟ್ಟಲೆ ನೀರಿನಲ್ಲಿ ನೆನೆದ ಕೈಯ ಚರ್ಮ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಜರ್ಮನಿಯ ಔದ್ಯೋಗಿಕ ನಿಯಮಗಳಲ್ಲಿ ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿರುವ ಕೆಲಸವನ್ನು ಚರ್ಮಕ್ಕೆ ಅಪಾಯದ ಕೆಲಸವೆಂದೇ ಎಣಿಸುತ್ತಾರೆ. ನಮ್ಮ ತರುಣನ ಕೈ ದಿನಕ್ಕೆ 9 ಗಂಟೆ ಒದ್ದೆಯಾಗಿರುತ್ತಿತ್ತು.

ಅವನು ವೈದ್ಯರಿಗೆ ಇನ್ನೊಂದು ಮಾತು ಹೇಳಿದ: “ಅಕ್ಕನ ಮದುವೆಗೆಂದು 15 ದಿನ ಊರಿಗೆ ಹೋಗಿದ್ದೆ. ಆಗ ಮುಕ್ಕಾಲು ಗುಣವಾಗಿತ್ತು. ಮುಂಬಯಿಯ ನೀರು ನನಗೆ ಒಗ್ಗುವುದಿಲ್ಲ.” ಈ ಮಾತನ್ನು ನಮ್ಮಲ್ಲಿ ಎಷ್ಟೋ ಮಂದಿ ಆಡುತ್ತಾರೆ. ವೈದ್ಯರು ನಕ್ಕು, “ಊರಿನಲ್ಲಿ ಪಾತ್ರೆ ತೊಳೆದಿರಾ?” ಎಂದರು. ಇಲ್ಲ, ಮದುವೆಮನೆಯಲ್ಲಿ ಬಡಿಸುವ ಕೆಲಸ. ಗುಣ ಮಾಡಿದ್ದು ಊರಿನ ನೀರಲ್ಲ. ನೀರಿನಿಂದ ದೊರೆತ ಬಿಡುವು.

ಎರಡು ದಾರಿಗಳು

ಸಂಪರ್ಕದಿಂದ ಬರುವ ಇಸುಬು ಎರಡು ದಾರಿಯಿಂದ ಬರುತ್ತದೆ.

ಮೊದಲನೆಯದು ಕೆರಳಿಕೆ. ಸೋಡಾ, ತೀಕ್ಷ್ಣ ಸಾಬೂನು, ಸೀಮೆಎಣ್ಣೆ, ಬಣ್ಣ ತೆಗೆಯುವ ದ್ರವ, ಹಸಿ ಸಿಮೆಂಟು ಇಂಥವು ಚರ್ಮವನ್ನು ನೇರವಾಗಿ ಸವೆಸುತ್ತವೆ. ಸಾಕಷ್ಟು ಹೊತ್ತು, ಸಾಕಷ್ಟು ಸಲ ಮುಟ್ಟಿದರೆ ಯಾರಿಗಾದರೂ ಬರಬಹುದು. ಕೈಯ ಇಸುಬಿನಲ್ಲಿ ಈ ಬಗೆಯೇ ಹೆಚ್ಚು.

ಎರಡನೆಯದು ಅಲರ್ಜಿ, ಎಂದರೆ ಒಗ್ಗದಿಕೆ. ಇಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯು ಒಂದು ಪದಾರ್ಥವನ್ನು ಶತ್ರುವೆಂದು ಗುರುತು ಹಿಡಿಯುತ್ತದೆ. ಒಮ್ಮೆ ಗುರುತು ಹಿಡಿದ ಬಳಿಕ, ಆ ಪದಾರ್ಥದ ಅತ್ಯಲ್ಪ ಅಂಶ ತಗಲಿದರೂ ಚರ್ಮ ಕೆರಳುವುದು. ಈ ಗುಣ ಸಾಮಾನ್ಯವಾಗಿ ಹಲವು ವರ್ಷ, ಕೆಲವರಲ್ಲಿ ಜೀವಮಾನವಿಡೀ ಉಳಿಯುತ್ತದೆ. “ಹತ್ತು ವರ್ಷದಿಂದ ಇದೇ ಸಿಮೆಂಟು ಕಲಸುತ್ತಿದ್ದೇನೆ, ಈಗೇಕೆ ಬರಬೇಕು?” ಎಂದು ಕೇಳುವವರುಂಟು. ಹತ್ತು ವರ್ಷ ಒಗ್ಗಿದ್ದು ಹನ್ನೊಂದನೆಯ ವರ್ಷ ಒಗ್ಗದಿರಬಹುದು. ಇನ್ನೊಂದು ತೊಡಕೂ ಇದೆ. ಅಲರ್ಜಿಯ ತುರಿಕೆ ಮುಟ್ಟಿದ ಕೂಡಲೇ ಬರುವುದಿಲ್ಲ. ಸಾಮಾನ್ಯವಾಗಿ 1ರಿಂದ 3 ದಿನಗಳ ಮೇಲೆ ಬರುತ್ತದೆ. ಸೋಮವಾರ ಮುಟ್ಟಿದ್ದಕ್ಕೆ ಬುಧವಾರ ತುರಿಕೆ. ಆದುದರಿಂದಲೇ ನಾವು ಬುಧವಾರ ಉಂಡ ಬದನೆಕಾಯಿಯನ್ನು ದೂರುತ್ತೇವೆ.

ಕಸುಬು ಮತ್ತು ಕಾರಣ

ಹೋಟೆಲಿನ ಕೆಲಸ: ನೀರು, ಸೋಡಾ, ಸಾಬೂನುಗಳ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ. ಬೆಳ್ಳುಳ್ಳಿಯ ಇಸುಬಿಗೆ ಒಂದು ವಿಶೇಷ ಗುರುತುಂಟು. ಬಲಗೈಯಲ್ಲಿ ಚೂರಿ ಹಿಡಿಯುವವನಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಮಾತ್ರ ಬಿರಿಯುತ್ತವೆ. ಏಕೆಂದರೆ ಎಸಳನ್ನು ಹಿಡಿಯುವುದು ಆ ಮೂರು ಬೆರಳುಗಳು.

ಗಾರೆ ಕೆಲಸ: ಹಸಿ ಸಿಮೆಂಟು ಬಲವಾದ ಕ್ಷಾರ, ಮೊಣಕಾಲೂರಿ ಕೆಲವು ಗಂಟೆ ಅದರಲ್ಲಿ ದುಡಿದರೆ ಚರ್ಮ ಸುಟ್ಟೇ ಹೋಗಬಹುದು. ಅದಲ್ಲದೆ ಸಿಮೆಂಟಿನಲ್ಲಿ ಕ್ರೋಮಿಯಂ ಲೋಹದ ಲವಣ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಅಲರ್ಜಿ ತರುವುದು ಅದು. ಡೆನ್ಮಾರ್ಕ್ ದೇಶವು 1983ರಲ್ಲಿ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ ಆ ಲವಣವನ್ನು ನಿರುಪದ್ರವ ಮಾಡುವ ನಿಯಮ ತಂದಿತು; 2005ರಿಂದ ಯೂರೋಪಿನ ಒಕ್ಕೂಟದಲ್ಲೆಲ್ಲ ಅಂಥದೇ ಮಿತಿ ಜಾರಿಗೆ ಬಂದಿತು. ಕ್ರೋಮಿಯಂ ಚರ್ಮ ಹದ ಮಾಡುವುದರಲ್ಲಿಯೂ ಬಳಕೆಯಾಗುತ್ತದೆ. ಆದುದರಿಂದ ಸಿಮೆಂಟಿನ ಅಲರ್ಜಿಯುಳ್ಳ ಗಾರೆಯವರಿಗೆ ತೊಗಲಿನ ಚಪ್ಪಲಿಯೂ ಆಗದಿರಬಹುದು.

ಕಚೇರಿಯ ನೌಕರರು: ಕೈಗಡಿಯಾರದ ಪಟ್ಟಿಯ ಬಿಲ್ಲೆ, ಪ್ಯಾಂಟಿನ ಲೋಹದ ಗುಂಡಿ, ಬೆಲ್ಟಿನ ಕೊಂಡಿ ಇವುಗಳಲ್ಲಿ ನಿಕ್ಕಲ್ ಎಂಬ ಲೋಹವುಂಟು. ಹೊಕ್ಕುಳ ಕೆಳಗೆ ರೂಪಾಯಿಯಷ್ಟಗಲ ತುರಿಕೆಯಿದ್ದರೆ ಗುಂಡಿಯನ್ನು ನೋಡಿರಿ. ಪಾದದ ಮೇಲೆ ಇಂಗ್ಲಿಷಿನ ವಿ ಅಕ್ಷರದಂತೆ ಮಚ್ಚೆಯಿದ್ದರೆ ರಬ್ಬರ್ ಚಪ್ಪಲಿಯ ಪಟ್ಟಿಯನ್ನು ನೋಡಿರಿ. ನರೆಗೂದಲಿಗೆ ಕಪ್ಪು ಬಣ್ಣ ಹಚ್ಚಿದ ಎರಡು ದಿನಕ್ಕೆ ಕಿವಿ, ಹಣೆಗಳು ಊದಿದರೆ ಬಣ್ಣವನ್ನು ಸಂಶಯಿಸಿರಿ. ಮನೆಯ ಹೆಣ್ಣುಮಕ್ಕಳಿಗೆ ಹಣೆಯ ನಡುವೆ ತುರಿಕೆಯೋ ಬಿಳಿ ಕಲೆಯೋ ಬಂದರೆ ಅಂಟಿಸುವ ಬಿಂದಿಯ ಅಂಟು ಕಾರಣವಿರಬಹುದು.

ಬಟ್ಟೆಯ ಗುರುತು: ಕರಿಗೇರು, ಮರಾಠಿಯ ಬಿಬ್ಬಾ, ನಮ್ಮಲ್ಲಿ ಹಲವರಿಗೆ ಗೊತ್ತು. ಅದರ ಕಪ್ಪು ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರ ಕತ್ತು, ಸೊಂಟಗಳಲ್ಲಿ ವಿಚಿತ್ರ ಗುಳ್ಳೆಗಳೆದ್ದವು. ವೈದ್ಯರು ವಿಚಾರಿಸಿದಾಗ ಗುಳ್ಳೆ ಎದ್ದ ಜಾಗವೂ ಅಗಸನು ಗುರುತು ಹಾಕಿದ ಜಾಗವೂ ಒಂದೇ ಆಗಿತ್ತು. “ಎಲ್ಲಿ?” ಎಂಬ ಪ್ರಶ್ನೆಯ ಬೆಲೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ನಮ್ಮ ಕರಾವಳಿಯ ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡುವುದೂ ಇದೇ ಬಗೆಯ ರಸದ ದೆಸೆಯಿಂದ.

ಗಾಳಿಯಲ್ಲಿ ಬರುವುದು: ಊರಿನಲ್ಲಿ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಕಳೆಯನ್ನು ನಮ್ಮ ದೇಶದಲ್ಲಿ 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಿ ದಾಖಲಿಸಿದರು. ಅದರ ಒಣ ಪುಡಿ ಗಾಳಿಯಲ್ಲಿ ಹಾರಿ ಬಂದು ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ಕುಳಿತು ಇಸುಬು ತರುತ್ತದೆ. ಇದನ್ನು ಬರಿಗೈಯಿಂದ ಕೀಳಕೂಡದು, ಒಣಗಿದ್ದನ್ನು ಸುಡಲೂಕೂಡದು.

ಇಸುಬಲ್ಲದ್ದು

ತುರಿಸುವುದೆಲ್ಲ ಇಸುಬಲ್ಲ. ಮೂರನ್ನು ಬೇರೆಯಾಗಿ ತಿಳಿಯಬೇಕು.

ಕಜ್ಜಿ ಒಂದು ಸೂಕ್ಷ್ಮ ಹುಳದಿಂದ ಬರುವ ಅಂಟುರೋಗ. ರಾತ್ರಿ ತುರಿಕೆ ಹೆಚ್ಚು. ಬೆರಳ ಸಂದು, ಮಣಿಕಟ್ಟು, ಸೊಂಟ, ಗುಹ್ಯಭಾಗಗಳಲ್ಲಿ ಗುಳ್ಳೆಗಳು. ಖೋಲಿಯಲ್ಲಿ ಇನ್ನೊಬ್ಬರಿಗೂ ತುರಿಕೆ. ಖೋಲಿಯವರೆಲ್ಲರೂ ಒಂದೇ ದಿನ ಔಷಧಿ ಹಚ್ಚಿಕೊಂಡು ಬಟ್ಟೆ, ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದರೆ ಮಾತ್ರ ಹೋಗುತ್ತದೆ.

ಹುಳುಕಡ್ಡಿ, ಎಂದರೆ ಗಜಕರ್ಣ, ಬೂಷ್ಟಿನಿಂದ ಬರುವುದು. ಅಂಚು ಕೆಂಪಾಗಿ ಉಂಗುರದಂತೆ ಹಬ್ಬಿ, ನಡುವೆ ತಿಳಿಯಾಗುತ್ತದೆ. ತೊಡೆಸಂದು, ಸೊಂಟಗಳಲ್ಲಿ ಹೆಚ್ಚು. ಇದೂ ಅಂಟುತ್ತದೆ.

ಕುಷ್ಠದ ಮಚ್ಚೆ ಸಾಮಾನ್ಯವಾಗಿ ತುರಿಸುವುದಿಲ್ಲ; ಅಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಅದಕ್ಕೂ ಪೂರ್ಣ ಗುಣವಾಗುವ ಔಷಧಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಹೆದರಿ ಮುಚ್ಚಿಡಬೇಕಾದ ರೋಗ ಅದೂ ಅಲ್ಲ.

ಚಿಕಿತ್ಸೆ

ಮೊದಲ ಚಿಕಿತ್ಸೆ ಕಾರಣವನ್ನು ದೂರ ಮಾಡುವುದು. ವಿಚಾರಣೆಯಿಂದ ಕಾರಣ ತಿಳಿಯದಿದ್ದರೆ ಪಟ್ಟಿ ಪರೀಕ್ಷೆಯುಂಟು. ಜೋಸೆಫ್ ಯಾಡಸ್ಸೋನ್ ಎಂಬ ಜರ್ಮನ್ ವೈದ್ಯರು 1895ರಲ್ಲಿ ತೋರಿಸಿಕೊಟ್ಟ ವಿಧಾನವಿದು. ಸಂಶಯದ ಪದಾರ್ಥಗಳನ್ನು ತಕ್ಕ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಮೇಲೆ ತೆಗೆದು ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಇದನ್ನು ವೈದ್ಯರೇ ಮಾಡತಕ್ಕದ್ದು. ಸಿಮೆಂಟನ್ನೋ ಸೋಡಾವನ್ನೋ ತಾನೇ ಕಟ್ಟಿಕೊಂಡರೆ ಚರ್ಮ ಸುಟ್ಟೀತು.

ಎರಡನೆಯದು ಗೋಡೆಗೆ ಗಾರೆ. ಕೆಲಸ ಮುಗಿದೊಡನೆ ಮೃದುವಾದ ಸಾಬೂನಿನಿಂದ, ತಣ್ಣೀರಿನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಕೈ ತೊಳೆದು, ಬೆರಳ ಸಂದುಗಳನ್ನು ಒತ್ತಿ ಒರಸಿ, ತೇವ ಪೂರ್ತಿ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಿರಿ. ಶುದ್ಧ ಕೊಬ್ಬರಿ ಎಣ್ಣೆಯೂ ಆದೀತು. ಸುವಾಸನೆಯ ಕ್ರೀಮು ಬೇಡ. ಸುಗಂಧವೇ ಅಲರ್ಜಿ ತರುವುದುಂಟು. ದಿನಕ್ಕೆ ನಾಲ್ಕಾರು ಸಲ, ಮಲಗುವಾಗ ತಪ್ಪದೆ ಹಚ್ಚಬೇಕು. ಕೈ ಗುಣವಾದಂತೆ ಕಂಡ ಮೇಲೂ ಒಳಗಿನ ದುರಸ್ತಿ ಮುಗಿಯಲು ಕೆಲವು ತಿಂಗಳು ಬೇಕು. ಆವರೆಗೂ ಇದನ್ನು ಬಿಡಕೂಡದು.

ಮೂರನೆಯದು ಉರಿಯೂತವನ್ನು ತಗ್ಗಿಸುವ ಔಷಧಿ. ನೀರು ಒಸರುತ್ತಿರುವಾಗ ಶುಭ್ರ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ದಿನಕ್ಕೆ ಎರಡು ಮೂರು ಸಲ ಹತ್ತು ಹದಿನೈದು ನಿಮಿಷ ಸುತ್ತಿದರೆ ಹಿತ. ಬಳಿಕ ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಡುವರು. 1952ರಲ್ಲಿ ಹೈಡ್ರೋಕಾರ್ಟಿಸೋನ್ ಮುಲಾಮು ಇಸುಬಿಗೆ ಫಲಕಾರಿಯೆಂದು ತಿಳಿದುಬಂದಂದಿನಿಂದ ಇಸುಬಿನ ಚಿಕಿತ್ಸೆಯಲ್ಲಿ ಇದು ಮುಖ್ಯ ಔಷಧಿ. ವೈದ್ಯರು ಹೇಳಿದ ಬಲದ್ದನ್ನು, ಹೇಳಿದ ಜಾಗಕ್ಕೆ, ಹೇಳಿದಷ್ಟೇ ದಿನ ಹಚ್ಚಿದರೆ ಇದಕ್ಕೆ ಅಂಜಬೇಕಾಗಿಲ್ಲ. ಅಳತೆಗೆ ಒಂದು ಸುಲಭ ಉಪಾಯವುಂಟು: ಟ್ಯೂಬಿನಿಂದ ತೋರುಬೆರಳ ಕೊನೆಯ ಗೆಣ್ಣಿನುದ್ದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು.

ಕೀವು, ಹಳದಿ ಹೊಪ್ಪಳೆ, ಜ್ವರ, ತೋಳಿನವರೆಗೆ ಏರುವ ನೋವು, ಮುಖ ಮತ್ತು ಕಣ್ಣಿನ ಊತ, ಮೈತುಂಬ ಹಬ್ಬಿದ ಕೆಂಪು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಅಂಗಡಿಯ ಮಿಶ್ರ ಮುಲಾಮು

ಔಷಧದ ಅಂಗಡಿಯಲ್ಲಿ “ತುರಿಕೆಗೆ ಒಂದು ಟ್ಯೂಬು ಕೊಡಿ” ಎಂದರೆ ಹಲವು ವೇಳೆ ದೊರೆಯುವುದು ಬಲವಾದ ಸ್ಟೀರಾಯ್ಡು, ಬೂಷ್ಟಿನ ಔಷಧಿ, ಕೀವಿನ ಔಷಧಿ ಮೂರನ್ನೂ ಬೆರೆಸಿದ ಮುಲಾಮು. ಎರಡು ದಿನದಲ್ಲಿ ತುರಿಕೆ ಅಡಗುತ್ತದೆ, ಕಾಯಿಲೆ ಅಡಗಿರುವುದಿಲ್ಲ. ಹುಳುಕಡ್ಡಿಗೆ ಹಚ್ಚಿದರೆ ಬೂಷ್ಟು ಇನ್ನಷ್ಟು ಹಬ್ಬಿ, ಉಂಗುರದ ಗುರುತೂ ಅಳಿದು, ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಮುಖಕ್ಕೆ, ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿರಿಯುತ್ತದೆ. ಬೆರೆಸಿರುವ ನಿಯೋಮೈಸಿನ್ ಎಂಬ ಔಷಧಿಯೇ ಕೆಲವರಿಗೆ ಹೊಸ ಅಲರ್ಜಿಯಾಗುತ್ತದೆ. 2018ರಲ್ಲಿ ಸರಕಾರವು ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಬಿಗಿ ಮಾಡಿತು. ನಿಯಮ ಕಾಗದದ ಮೇಲಿದೆ. ಅದನ್ನು ನಮ್ಮ ಮಟ್ಟಿಗೆ ಪಾಲಿಸುವುದು ನಮ್ಮ ಕೈಯಲ್ಲಿದೆ.

ಅಂತೆಯೇ ಸುಣ್ಣ, ಸೀಮೆಎಣ್ಣೆ, ಅರೆದ ಬೆಳ್ಳುಳ್ಳಿ, ನೀರು ಬೆರೆಸದ ಕ್ರಿಮಿನಾಶಕ ಇವನ್ನು ಹಚ್ಚಬೇಡಿರಿ. ಸುಟ್ಟ ಗಾಯದ ಮೇಲೆ ಇನ್ನೊಂದು ಬರೆ ಎಳೆದಂತೆ. ರಕ್ತಶುದ್ಧಿಯ ಟಾನಿಕ್ಕಿಗೆ ಹಣ ಸುರಿಯಬೇಡಿರಿ, ಕೆಟ್ಟಿರುವುದು ರಕ್ತವಲ್ಲ. ಹಿರಿಯರು ನಂಜೆಂದು ಬಿಡಿಸುವ ಪದಾರ್ಥಗಳನ್ನು ಬಿಟ್ಟರೆ ದೋಷವಿಲ್ಲ; ಆದರೆ ಬದನೆಕಾಯಿ ಬಿಟ್ಟು ಸೋಡಾದಲ್ಲಿ ಕೈ ಅದ್ದುತ್ತಿದ್ದರೆ ಫಲವೂ ಇಲ್ಲ.

ಕೆಲಸ ಬಿಡದೆ ಕೈ ಉಳಿಸಿಕೊಳ್ಳುವುದು

“ಮುಟ್ಟಬೇಡ ಎನ್ನುವುದು ಸುಲಭ, ಹೊಟ್ಟೆಗೇನು?” ಎಂಬುದು ನ್ಯಾಯವಾದ ಪ್ರಶ್ನೆ. ಹತ್ತಿಯ ತೆಳು ಕೈಚೀಲ ಒಳಗೆ, ಪ್ಲಾಸ್ಟಿಕ್ ಕೈಚೀಲ ಮೇಲೆ ತೊಟ್ಟು ತೊಳೆಯಬಹುದು. ಒಳಗಿನದು ಒದ್ದೆಯಾದರೆ ಬದಲಿಸಬೇಕು. ಬೆವರಿನಲ್ಲಿ ನೆನೆದ ಕೈಯೂ ಒದ್ದೆಯ ಕೈಯೇ. ಅಲರ್ಜಿ ರಬ್ಬರಿಗೇ ಇದ್ದರೆ ರಬ್ಬರ್ ಕೈಚೀಲ ಕೂಡದು. ಸೋಡಾವನ್ನು ಬರಿಗೈಯಿಂದ ಹಿಡಿಯದೆ ಉದ್ದ ಹಿಡಿಯ ಬ್ರಷ್ಷಿನಿಂದ ತಿಕ್ಕಿರಿ. ಉಂಗುರವನ್ನು ತೆಗೆದಿಡಿರಿ, ಸಾಬೂನು ಅದರ ಕೆಳಗೆ ನಿಂತು ಕೊರೆಯುತ್ತದೆ. ಗಾರೆಯವರು ಸಿಮೆಂಟು ಮೆತ್ತಿದ ಬಟ್ಟೆಯನ್ನು ಊಟದ ಬಿಡುವಿನವರೆಗೆ ಕಾಯದೆ ಬದಲಿಸಬೇಕು.

ಕೆಲಸದಿಂದ ಬರುವ ಈ ಚರ್ಮರೋಗವು ಕಲ್ಪನೆಯ ದೂರಲ್ಲ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ರೋಗಪಟ್ಟಿಯಲ್ಲಿ ರಾಸಾಯನಿಕ ಮತ್ತು ಬಣ್ಣಗಳ ಸಂಪರ್ಕದಿಂದ ಬರುವ ಡರ್ಮಟೈಟಿಸ್ ಹೆಸರು ಹೇಳಿಯೇ ಸೇರಿದೆ. ಈ.ಎಸ್.ಐ. ವಿಮೆಯಿರುವವರು ಅಲ್ಲಿಯ ಔಷಧಾಲಯದಲ್ಲಿ ತೋರಿಸಿ, ತಮ್ಮ ಕಸುಬು ಯಾವುದೆಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ನಮ್ಮ ತರುಣನ ಸಂಗತಿ ಹೇಳಿ ಮುಗಿಸುವೆನು. ಅಂಟುರೋಗವಲ್ಲವೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ನೋಡಿ ಮಾಲೀಕರು ಅವನನ್ನು ಎರಡು ತಿಂಗಳ ಮಟ್ಟಿಗೆ ಮೋರಿಯಿಂದ ಟೇಬಲು ಒರಸುವ ಕೆಲಸಕ್ಕೆ ಹಾಕಿದರು. ಬಲಗೈ ಗುಣವಾಯಿತು. ಎಡಗೈಯ ಮೂರು ಬೆರಳ ತುದಿ ಮಾತ್ರ ಬಿರಿಯುತ್ತಲೇ ಇತ್ತು. ಮತ್ತೆ ಆಸ್ಪತ್ರೆ, ಮತ್ತೆ ಅದೇ ಪ್ರಶ್ನೆ: “ಏನು ಮುಟ್ಟುತ್ತೀರಿ?” ನಸುಕಿನಲ್ಲಿ ಎದ್ದು ಅಡುಗೆಯ ಭಟ್ಟರಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದನಂತೆ, ಅದನ್ನು ಕೆಲಸವೆಂದೇ ಎಣಿಸದೆ ಹೇಳಿರಲಿಲ್ಲ. ಅದನ್ನು ಬಿಟ್ಟ ಮೇಲೆ ಆ ಬೆರಳುಗಳೂ ಸುಧಾರಿಸಿದವು. ಈಗ ಕೈಚೀಲ ತೊಟ್ಟು ಮೋರಿಯ ಕೆಲಸವನ್ನೂ ಮಾಡುತ್ತಾನೆ. ಮಳೆಗಾಲದಲ್ಲಿ ಒಮ್ಮೊಮ್ಮೆ ತುರಿಕೆ ಮರಳುತ್ತದೆ, ಆದರೆ ಅವನಿಗೆ ಈಗ ಹೆದರಿಕೆಯಿಲ್ಲ. ಅವನ ತಟ್ಟೆ ಉಳಿದವರ ತಟ್ಟೆಗಳ ಜೊತೆಗೇ ಇದೆ.

ಅಭ್ಯಾಸ

1. ಒಂದು ವಾರದವರೆಗೆ ನಿಮ್ಮ ಕೈ ಮುಟ್ಟಿದ ಪದಾರ್ಥಗಳನ್ನು ದಿನವೂ ಒಂದು ಪುಟದಲ್ಲಿ ಬರೆಯಿರಿ. ಸಣ್ಣಪುಟ್ಟ ಕೆಲಸಗಳನ್ನು ಬಿಡಬೇಡಿರಿ.
2. ತುರಿಕೆಯಿರುವವರು ಅದು ಹೆಚ್ಚಾದ ದಿನವನ್ನು ಗುರುತಿಸಿ, ಅದರ ಹಿಂದಿನ ಮೂರು ದಿನಗಳ ಪುಟಗಳನ್ನು ಓದಿರಿ.
3. ಆಸ್ಪತ್ರೆಗೆ ಹೋಗುವಾಗ ಆ ಪುಟಗಳನ್ನೂ, ಈವರೆಗೆ ಹಚ್ಚಿದ ಟ್ಯೂಬುಗಳನ್ನೂ ತೆಗೆದುಕೊಂಡು ಹೋಗಿರಿ.
4. ನಿಮ್ಮ ಖೋಲಿಯಲ್ಲಿ ಬೇರೆ ತಟ್ಟೆ ಇಡಿಸಿಕೊಂಡವರು ಯಾರಾದರೂ ಇದ್ದರೆ, ಈ ಪಾಠವನ್ನು ಅವರಿಗೂ ಉಳಿದವರಿಗೂ ಗಟ್ಟಿಯಾಗಿ ಓದಿ ಹೇಳಿರಿ.